ನೀರು ಬಿಡುವ ದಿನದ ಏಟು

ಕೋಲಾರದ ಎಪಿಎಂಸಿ ಟೊಮೆಟೊ ಮಾರುಕಟ್ಟೆಗೆ ನಡೆದೇ ಹೋಗಬಹುದಾದಷ್ಟು ಹತ್ತಿರದ ಬಡಾವಣೆಯೊಂದರಲ್ಲಿ ನಾನು ಅಂಗನವಾಡಿ ಕಾರ್ಯಕರ್ತೆ. ನನ್ನ ಕೇಂದ್ರಕ್ಕೆ ಬರುವ 3ರಿಂದ 6 ವರ್ಷದ ಮಕ್ಕಳಲ್ಲಿ ಹೆಚ್ಚಿನವರ ತಾಯಂದಿರು ಮಂಡಿಯಲ್ಲಿ ಹಣ್ಣು ಆರಿಸಿ, 15 ಕಿಲೊ ಬಾಕ್ಸುಗಳಿಗೆ ತುಂಬುವ ಕೂಲಿಯವರು. ಮೊದಲ ವರ್ಷಗಳಲ್ಲಿ ನನ್ನ ಮೇಜಿನ ಮೇಲೂ ಒಂದು ಬೆತ್ತವಿತ್ತು. ಅದರಿಂದ ಯಾರನ್ನೂ ಹೊಡೆಯದೆ ಮೇಜಿಗಷ್ಟೇ ಬಡಿಯುತ್ತಿದ್ದೆ. ಆ ಸದ್ದಿಗೆ ಹೆಗಲು ಮುದುಡಿ ಕಣ್ಣು ಮುಚ್ಚಿಕೊಳ್ಳುವ ಮಕ್ಕಳು ಪ್ರತಿ ಸಲವೂ ಅದೇ ಕೆಲವರು ಎಂದು ಗಮನಕ್ಕೆ ಬಂದ ದಿನ ಬೆತ್ತವನ್ನು ಮುರಿದು ಹಾಕಿದೆ.

ಆ ಮಕ್ಕಳಲ್ಲಿ ನಾಲ್ಕು ವರ್ಷದ ಒಬ್ಬ ಹುಡುಗ ಪಕ್ಕದವರನ್ನು ಕಚ್ಚುತ್ತಿದ್ದ, ತಳ್ಳುತ್ತಿದ್ದ. "ನೀವೂ ಎರಡು ಕೊಡಿ ಮೇಡಂ, ಏಟಿಗೆ ಮಾತ್ರ ಬಗ್ಗೋದು ಇವನು" ಎಂದು ಅವನ ತಾಯಿ ಹೇಳುತ್ತಿದ್ದಳು. ಯಾವ ದಿನ, ಯಾವ ಹೊತ್ತಿಗೆ, ಯಾರು ಯಾರನ್ನು ಹೊಡೆದರು ಎಂದು ನಾನು ಒಂದು ನೋಟ್‌ಬುಕ್ಕಿನಲ್ಲಿ ಬರೆಯತೊಡಗಿದೆ. ಮೂರು ತಿಂಗಳ ನಂತರ ಪುಟಗಳನ್ನು ತಿರುವಿ ಹಾಕಿದಾಗ, ಜಗಳ ಹೆಚ್ಚಾಗಿದ್ದ ದಿನಗಳೆಲ್ಲ ನಲ್ಲಿಯಲ್ಲಿ ನೀರು ಬಂದ ದಿನಗಳೇ ಆಗಿದ್ದವು.

ಇದು 2023ರ ನವೆಂಬರಿನಲ್ಲಿ, ಕೋಲಾರಕ್ಕೆ ಕುಡಿಯುವ ನೀರು ಕೊಡಲು ಕಟ್ಟಿದ ಯರಗೋಳ್ ಜಲಾಶಯ ಉದ್ಘಾಟನೆಯಾಗುವುದಕ್ಕೆ ಮೊದಲಿನ ಮಾತು. ಎಷ್ಟೋ ದಿನಕ್ಕೊಮ್ಮೆ, ಹೇಳದೆ ಕೇಳದೆ ಬರುವ ನೀರು ಒಂದೆರಡು ಗಂಟೆಯಲ್ಲಿ ನಿಂತುಹೋಗುತ್ತಿತ್ತು. ನಸುಕಿನಲ್ಲೇ ಮಂಡಿಗೆ ಹೋಗಿ ದಣಿದು ಬಂದ ಹೆಂಗಸು ಹತ್ತಾರು ಕೊಡಗಳನ್ನು ಸಾಲಿನಲ್ಲಿಟ್ಟು, ಅಕ್ಕಪಕ್ಕದವರೊಂದಿಗೆ ಸರದಿಗಾಗಿ ಮಾತಿಗೆ ಮಾತು ಬೆಳೆಸುತ್ತಿರುವಾಗ ಮಗು ಕಾಲಿಗೆ ತೊಡರುತ್ತಿತ್ತು. ಒಂದು ಕೊಡ ನೀರು ಚೆಲ್ಲಿದ್ದಕ್ಕೆ ಆ ಹುಡುಗನ ಬೆನ್ನಿನ ಮೇಲೆ ಐದೂ ಬೆರಳು ಮೂಡಿದ್ದನ್ನು ನಾನೇ ಕಂಡಿದ್ದೇನೆ.

2009ರ ಶಿಕ್ಷಣ ಹಕ್ಕು ಕಾಯ್ದೆಯ 17ನೇ ಕಲಂ ಶಾಲೆಯಲ್ಲಿ ದೈಹಿಕ ದಂಡನೆಯನ್ನು ನಿಷೇಧಿಸುತ್ತದೆ. ನಲ್ಲಿಯ ಮುಂದೆ ಬೀಳುವ ಏಟಿಗೆ ಅದು ಅನ್ವಯಿಸುವುದಿಲ್ಲ. ಆದ್ದರಿಂದ ತಾಯಂದಿರ ಸಭೆಯಲ್ಲಿ "ಹೊಡೆಯಬೇಡಿ" ಎನ್ನುವ ಮೊದಲು ನೀರಿನ ವಿಷಯವನ್ನೇ ಎತ್ತಿದೆ. ನೀರು ಬಿಡುವವರು, ಹಿರಿಯರು ಅವರನ್ನು ಈಗಲೂ ನೀರುಗಂಟಿ ಎಂದೇ ಕರೆಯುತ್ತಾರೆ, ಹಿಂದಿನ ಸಂಜೆಯೇ ಹೊತ್ತು ತಿಳಿಸಲು ಒಪ್ಪಿದರು. ಆ ಹೊತ್ತಿನಲ್ಲಿ ಮಕ್ಕಳು ಕೇಂದ್ರದಲ್ಲೇ ಇರಬೇಕು, ನಮ್ಮ ಸಹಾಯಕಿಯ ಜೊತೆ ಓಣಿಯ ಇಬ್ಬರು ಅಜ್ಜಿಯರು ಅವರನ್ನು ನೋಡಿಕೊಳ್ಳಬೇಕು, ಕೊಡದ ಸರದಿಯನ್ನು ಚೀಟಿ ಎತ್ತಿ ಗೊತ್ತುಮಾಡಬೇಕು ಎಂದು ಎಲ್ಲರೂ ಸೇರಿ ತೀರ್ಮಾನಿಸಿದೆವು.

ಆ ಅಜ್ಜಿಯರಲ್ಲೊಬ್ಬರು, "ಓಣೀಲಿ ಎಲ್ಲರೂ ಹೊಡೀತಾರಮ್ಮ, ಮಕ್ಕಳು ಅದನ್ನ ಮನಸ್ಸಿಗೆ ಹಚ್ಕೊಳ್ಳಲ್ಲ" ಎಂದರು. ಇದನ್ನು ನಾನು ಒಪ್ಪಲಾರೆ. 1,60,000ಕ್ಕೂ ಹೆಚ್ಚು ಮಕ್ಕಳ ಕುರಿತ ಅಧ್ಯಯನಗಳನ್ನು ಒಟ್ಟುಗೂಡಿಸಿ ಅಮೆರಿಕದ ಸಂಶೋಧಕರಾದ ಎಲಿಜಬೆತ್ ಗರ್ಶಾಫ್ ಮತ್ತು ಆಂಡ್ರ್ಯೂ ಗ್ರೋಗನ್-ಕೇಲರ್ 2016ರಲ್ಲಿ ಪ್ರಕಟಿಸಿದ ವಿಶ್ಲೇಷಣೆಯಲ್ಲಿ, ಏಟು ತಿನ್ನುವ ಮಕ್ಕಳಲ್ಲಿ ಆಕ್ರಮಣಶೀಲತೆ ಹೆಚ್ಚಾಗಿಯೇ ಕಂಡಿತು. ತಂಟೆ ಮಾಡುವುದರಿಂದಲೇ ಏಟು ಬೀಳುತ್ತದಲ್ಲವೇ ಎಂಬ ಪ್ರಶ್ನೆ ನ್ಯಾಯವಾದದ್ದೇ. ಆದರೆ ಅವೇ ಮಕ್ಕಳನ್ನು ವರ್ಷಗಟ್ಟಲೆ ಗಮನಿಸಿ, ಮೊದಲಿನ ತಂಟೆಯನ್ನೂ ಲೆಕ್ಕಕ್ಕೆ ತೆಗೆದುಕೊಂಡ ಅಧ್ಯಯನಗಳಲ್ಲೂ ಏಟಿನ ನಂತರ ತಂಟೆ ಹೆಚ್ಚಿದ್ದು ಕಂಡುಬಂದಿದೆ.

ಕೇಂದ್ರದಲ್ಲಿ ಆ ಹುಡುಗನಿಗೆ ಹಾಲಿನ ಲೋಟ ಹಂಚುವ ಕೆಲಸ ಕೊಟ್ಟೆ. ಅವನು ಕೈ ಎತ್ತಿದಾಗ ಆ ಕೈಯನ್ನು ಮೆಲ್ಲಗೆ ಹಿಡಿದು, "ಸಿಟ್ಟು ಬಂದಿದೆ ಅಲ್ವಾ, ಬಾಯಲ್ಲಿ ಹೇಳು ಕಂದ" ಎನ್ನುತ್ತಿದ್ದೆ. ಕಚ್ಚುವುದು ನಿಲ್ಲಲು ಐದಾರು ತಿಂಗಳು ಹಿಡಿಯಿತು. ನಡುವೆ ಎರಡು ಸಲ ಮತ್ತೆ ಶುರುವಾಗಿತ್ತು. ಅವನ ತಾಯಿ ಈಗಲೂ ಒಮ್ಮೊಮ್ಮೆ ಕೈ ಮಾಡುತ್ತಾಳೆ, ಮರುದಿನ ಬಂದು ತಾನೇ ಹೇಳುತ್ತಾಳೆ.

ಮಂಡಿಯಲ್ಲಿ ದರ ಬಿದ್ದು ಕೂಲಿ ಸಿಗದ ವಾರಗಳಿಗೆ ನನ್ನ ಬಳಿ ಇಂಥ ಏರ್ಪಾಡು ಯಾವುದೂ ಇಲ್ಲ. ಆ ವಾರಗಳಲ್ಲಿ ಕೇಂದ್ರಕ್ಕೆ ಬೀಗ ಹಾಕಿದ ಮೇಲೆ ಎರಡು ಮೂರು ಮನೆಗಳಿಗೆ ಹೋಗಿ ಸ್ವಲ್ಪ ಹೊತ್ತು ಕುಳಿತು ಬರುತ್ತೇನೆ.