ವೇಸ್ಟ್ ಶೀಟ್‌ನಲ್ಲಿ ಸೊನ್ನೆ

ಆ ತಿಂಗಳು ವೇಸ್ಟ್ ಶೀಟ್‌ನಲ್ಲಿ ನಾಲ್ಕು ರಾತ್ರಿ ಸೊನ್ನೆ ಬಂದಿತ್ತು. ಬಿಸಾಡಿದ ಪೀಸ್ ಒಂದೂ ಇಲ್ಲ. ಫಾಸ್ಟ್‌ಫುಡ್ ಔಟ್‌ಲೆಟ್‌ನ ಮ್ಯಾನೇಜರ್ ಆಗಿ ನನಗೆ ಅದು ಎರಡನೇ ವರ್ಷ. ಹುಡುಗರು ಕೆಲಸ ಚೆನ್ನಾಗಿ ಕಲಿತಿದ್ದಾರೆ ಅಂದುಕೊಂಡೆ. ಮೇಲಿನವರಿಂದ ಶಭಾಷ್ ಕೂಡ ಬಂತು.

ಐದನೇ ರಾತ್ರಿ ಕ್ಲೋಸಿಂಗ್‌ಗೆ ನಾನೇ ನಿಂತೆ. ಕರಿದ ಪೀಸ್‌ಗಳನ್ನು ಬಿಸಿಯಾಗಿಡುವ ಪೆಟ್ಟಿಗೆಯಲ್ಲಿ ಪ್ರತಿ ಟ್ರೇಗೂ ಒಂದು ಟೈಮರ್ ಇರುತ್ತದೆ. ಚಿಕನ್‌ಗೆ ನಮ್ಮಲ್ಲಿ 30 ನಿಮಿಷ, ಫ್ರೈಸ್‌ಗೆ 7. ಟೈಮರ್ ಕೂಗಿದರೆ ಟ್ರೇಯಲ್ಲಿ ಎಷ್ಟೇ ಉಳಿದಿರಲಿ, ಎತ್ತಿ ಬಿಸಾಡಬೇಕು, ಶೀಟ್‌ನಲ್ಲಿ ಬರೆಯಬೇಕು. ಅವತ್ತು ಮೂರನೇ ಟ್ರೇ ಕೂಗಿತು. ಅಲ್ಲಿದ್ದ ಹುಡುಗ ತಿರುಗಿಯೂ ನೋಡಲಿಲ್ಲ. ಕೈ ಚಾಚಿ ಬಟನ್ ಒತ್ತಿದ. ಮತ್ತೆ 30 ನಿಮಿಷ ಶುರುವಾಯಿತು. ನಾನು ಪಕ್ಕದಲ್ಲಿದ್ದೇನೆ ಅನ್ನುವ ಅಳುಕೂ ಅವನಿಗಿರಲಿಲ್ಲ. ಅಷ್ಟು ರೂಢಿಯಾಗಿತ್ತು.

"ಏನಪ್ಪಾ ಇದು?" ಅಂದೆ.

"ವೇಸ್ಟ್ ಜಾಸ್ತಿ ಆದ್ರೆ ನೀವೇ ಬೈತೀರಲ್ವಾ ಸರ್" ಅಂದ.

ಅವನು ಹೇಳಿದ್ದು ನಿಜ. ಫ್ರೀಜರ್ ಬಾಗಿಲ ಮೇಲೆ ನಾನೇ ಒಂದು ಪಟ್ಟಿ ಅಂಟಿಸಿದ್ದೆ. ಯಾರ ಶಿಫ್ಟ್‌ನಲ್ಲಿ ಎಷ್ಟು ವೇಸ್ಟ್, ಹೆಸರು ಸಮೇತ. ಅದಕ್ಕೂ ಕಾರಣ ಇತ್ತು. ನನ್ನ ಬೋನಸ್ ನಿಂತಿದ್ದೇ ಆ ಲೆಕ್ಕದ ಮೇಲೆ. ನನ್ನ ಮೇಲಿನವರದ್ದೂ ಹಾಗೇ.

ಪೆಟ್ಟಿಗೆಯ ಬಿಸಿ 60 ಡಿಗ್ರಿಗಿಂತ ಮೇಲಿದ್ದರೆ ಅರ್ಧ ಗಂಟೆ ಹೆಚ್ಚಾದ ಮಾತ್ರಕ್ಕೆ ಯಾರ ಹೊಟ್ಟೆಯೂ ಕೆಡುವುದಿಲ್ಲ. ರುಚಿ ಹೋಗುತ್ತದೆ, ಅಷ್ಟೇ. ನನಗೆ ಭಯವಾಗಿದ್ದು ಬೇರೆ ವಿಷಯಕ್ಕೆ. ಟೈಮರ್ ವಿಷಯದಲ್ಲಿ ಸುಳ್ಳು ರೂಢಿಯಾದ ಮೇಲೆ ಥರ್ಮಾಮೀಟರ್ ವಿಷಯದಲ್ಲಿ ಆಗದೆ ಇರುತ್ತದಾ? ಅವತ್ತೇ ರಾತ್ರಿ ಟೆಂಪರೇಚರ್ ಶೀಟ್ ತೆಗೆದು ನೋಡಿದೆ. ಇಡೀ ವಾರ, ಪ್ರತಿ ಬ್ಯಾಚ್‌ಗೂ 76 ಡಿಗ್ರಿ. ಒಂದೇ ಪೆನ್ನು, ಒಂದೇ ಕೈ. ಪೀಸ್‌ನ ಒಳಗೆ ಕಡ್ಡಿ ಚುಚ್ಚಿ ನೋಡಿದವರು ಯಾರೂ ಇರಲಿಲ್ಲ. ಕೋಳಿಮಾಂಸದ ನಡುಭಾಗ 74 ಡಿಗ್ರಿ ಮುಟ್ಟಲೇಬೇಕು. ಇಲ್ಲದಿದ್ದರೆ ಸಾಲ್ಮೊನೆಲ್ಲಾದಂಥ ಬ್ಯಾಕ್ಟೀರಿಯಾ ಉಳಿದುಬಿಡಬಹುದು.

ಈ ಕೆಲಸದಲ್ಲಿರುವ ಎಲ್ಲರೂ 1993ರಲ್ಲಿ ಅಮೆರಿಕದಲ್ಲಿ ಆದದ್ದನ್ನು ತಿಳಿದಿರಬೇಕು. ಜ್ಯಾಕ್ ಇನ್ ದ ಬಾಕ್ಸ್ ಅನ್ನುವ ಸರಣಿಯ ಸರಿಯಾಗಿ ಬೇಯದ ಬರ್ಗರ್ ತಿಂದು 700ಕ್ಕೂ ಹೆಚ್ಚು ಜನ ಕಾಯಿಲೆ ಬಿದ್ದರು. ನಾಲ್ಕು ಮಕ್ಕಳು ಸತ್ತರು. ಮಾಂಸದಲ್ಲಿದ್ದದ್ದು ಇ. ಕೋಲಿ ಅನ್ನುವ ಬ್ಯಾಕ್ಟೀರಿಯಾ. ಅತಿ ಹೆಚ್ಚು ಜನ ಕಾಯಿಲೆ ಬಿದ್ದ ವಾಷಿಂಗ್ಟನ್ ರಾಜ್ಯದ ನಿಯಮ 68 ಡಿಗ್ರಿಗೆ ಬೇಯಿಸಿ ಅನ್ನುತ್ತಿತ್ತು. ಕಂಪನಿ ಮಾತ್ರ 60 ಡಿಗ್ರಿ ಸಾಕು ಅನ್ನುವ ಕೇಂದ್ರದ ಹಳೆಯ ಲೆಕ್ಕವನ್ನೇ ಹಿಡಿದುಕೊಂಡಿತ್ತು. ಗ್ರಿಲ್ ಮೇಲೆ ಇನ್ನೊಂದಿಷ್ಟು ಸೆಕೆಂಡು ಬಿಟ್ಟಿದ್ದರೆ ಆಗುತ್ತಿತ್ತು. ನನ್ನ ಶೀಟ್‌ನಲ್ಲಿ ಸಾಲಾಗಿ ನಿಂತಿದ್ದ ಆ 76ಗಳನ್ನು ನೋಡುತ್ತಾ ನನಗೆ ನೆನಪಾದದ್ದು ಇದೇ.

ಮಾರನೇ ದಿನ ಬೆಳಿಗ್ಗೆ ಫ್ರೀಜರ್ ಮೇಲಿನ ಪಟ್ಟಿ ಕಿತ್ತು ಹಾಕಿದೆ. ಯಾರನ್ನೂ ಕೆಲಸದಿಂದ ತೆಗೆಯಲಿಲ್ಲ. ಎಲ್ಲರನ್ನೂ ಕೂರಿಸಿ, ವೇಸ್ಟ್ ಎಷ್ಟೇ ಆಗಲಿ ಇನ್ನು ಮೇಲೆ ಬೈಯುವುದಿಲ್ಲ, ಸುಳ್ಳು ಬರೆದರೆ ಮಾತ್ರ ಸುಮ್ಮನಿರುವುದಿಲ್ಲ ಅಂದೆ. ಆಮೇಲೆ ಮೇಲಿನವರ ಹತ್ತಿರ ಹೋಗಿ ಮೂರು ತಿಂಗಳು ನನ್ನ ಬೋನಸ್ ಬೇಡ, ಲೆಕ್ಕ ಸರಿಮಾಡಲು ಬಿಡಿ ಅಂತ ಕೇಳಿದೆ. ಅವರಿಗೆ ಅಷ್ಟೇನೂ ಇಷ್ಟವಾಗಲಿಲ್ಲ. ಆದರೆ ಬೇಡ ಅನ್ನಲಿಲ್ಲ.

ಮೊದಲ ತಿಂಗಳು ವೇಸ್ಟ್ ಎರಡು ಪಟ್ಟು ದಾಟಿತು. ನೋಡಿದರೆ ಎದೆ ಧಸಕ್ ಅನ್ನುವ ಹಾಗಿತ್ತು. ಆದರೆ ಲೆಕ್ಕ ನಿಜವಾಗಿದ್ದರಿಂದ ತಪ್ಪು ಎಲ್ಲಿದೆ ಅಂತ ಗೊತ್ತಾಯಿತು. ರಾತ್ರಿ ಒಂಬತ್ತರ ಮೇಲೆ ಗಿರಾಕಿ ಕಡಿಮೆ, ನಾವು ಮಾತ್ರ ಸಂಜೆಯ ಅಳತೆಯಲ್ಲೇ ಕರಿಯುತ್ತಿದ್ದೆವು. ಒಂಬತ್ತರ ನಂತರ ಆರ್ಡರ್ ಬಂದ ಮೇಲೇ ಕರಿಯೋಣ ಅಂತ ತೀರ್ಮಾನಿಸಿದೆವು. ಸ್ವಲ್ಪ ಹೊತ್ತು ಕಾಯಬೇಕು, ಬಿಸಿಯಾಗಿ ಕೊಡುತ್ತೇವೆ ಅಂತ ಕೌಂಟರ್‌ನಲ್ಲಿ ಬೋರ್ಡ್ ಇಟ್ಟೆವು. ಕೆಲವರು ಗೊಣಗಿದರು. ಹೆಚ್ಚಿನವರು ಕಾದರು. ನಾಲ್ಕನೇ ತಿಂಗಳಿಗೆ ವೇಸ್ಟ್ ನಿಜವಾಗಿಯೂ ಇಳಿಯಿತು. ಸೊನ್ನೆಗೆ ಬರಲಿಲ್ಲ, ಬರುವುದೂ ಇಲ್ಲ. ಯಾವ ಔಟ್‌ಲೆಟ್‌ನವರಾದರೂ ಸೊನ್ನೆ ತೋರಿಸಿದರೆ ನಾನೀಗ ಮೊದಲು ಅವರ ಟೈಮರ್ ನೋಡುತ್ತೇನೆ.

ಇದೇ ಕಣ್ಣಿನಿಂದ ಎಣ್ಣೆಯನ್ನೂ ನೋಡಿದೆ. ಫ್ರೈಯರ್ ಎಣ್ಣೆ ಯಾವಾಗ ಬದಲಿಸಬೇಕು ಅನ್ನುವುದನ್ನು ಬಣ್ಣ ನೋಡಿ ಹೇಳುತ್ತಿದ್ದೆವು. ಅದು ನಂಬುವ ಹಾಗಿಲ್ಲ. ಕಾದು ಕಾದು ಎಣ್ಣೆ ಒಡೆದಂತೆ ಅದರಲ್ಲಿ ಪೋಲಾರ್ ಅಂಶ, ಅಂದರೆ ಕೆಟ್ಟ ಎಣ್ಣೆಯ ಪಾಲು, ಏರುತ್ತದೆ. ಅಳತೆ ನಿಗದಿ ಮಾಡಿರುವ ಹಲವು ದೇಶಗಳಲ್ಲಿ ಇದು ಶೇ. 24ರಿಂದ 27 ಮುಟ್ಟಿದರೆ ಎಣ್ಣೆ ಬಿಸಾಡಬೇಕು. ಎಣ್ಣೆಯಲ್ಲಿ ಅದ್ದಿ ನೋಡುವ ಮೀಟರ್ ಸಿಗುತ್ತದೆ. ನಾನು ತರಿಸಿ ನೋಡಿದಾಗ, ಚೆನ್ನಾಗಿದೆ ಅಂದುಕೊಂಡಿದ್ದ ಎಣ್ಣೆ 29 ತೋರಿಸಿತು.

ಹಾಗಂತ ದಿನಾ ಹೊಸ ಎಣ್ಣೆ ಸುರಿಯುವುದಲ್ಲ. ಎಣ್ಣೆ ಕೆಡುವುದು ನೀರಿನಿಂದ, ಉಪ್ಪಿನಿಂದ, ತಳಕ್ಕೆ ಕೂತ ಪುಡಿಯಿಂದ, ಸುಮ್ನೆ ಕಾಯುತ್ತಾ ಇರುವುದರಿಂದ. ಉಪ್ಪು ಹಾಕುವ ಜಾಗವನ್ನು ಫ್ರೈಯರ್‌ನಿಂದ ದೂರ ಇಟ್ಟೆವು. ಪುಡಿಯನ್ನು ಆಗಾಗ ಜಾಲರಿಯಲ್ಲಿ ಎತ್ತಿದೆವು. ಪ್ರತಿ ಶಿಫ್ಟ್‌ಗೂ ಸೋಸಿದೆವು, ಗಿರಾಕಿ ಇಲ್ಲದಾಗ ಉರಿ ಇಳಿಸಿದೆವು, ರಾತ್ರಿ ಮುಚ್ಚಿಟ್ಟೆವು. ಮೊದಲಿಗಿಂತ ಜಾಸ್ತಿ ದಿನ ಬಂತು. ಆಲೂಗಡ್ಡೆಯನ್ನು ಹೊಂಬಣ್ಣ ಬರುತ್ತಿದ್ದಂತೆ ತೆಗೆಯುವುದನ್ನೂ ರೂಢಿ ಮಾಡಿದೆವು. ಕಂದು ಬಣ್ಣಕ್ಕೆ ಹೋದಷ್ಟೂ ಅಕ್ರಿಲಮೈಡ್ ಹೆಚ್ಚು. ಕ್ಯಾನ್ಸರ್ ತರಬಹುದು ಅನ್ನುವ ಅನುಮಾನವಿರುವ ರಾಸಾಯನಿಕ ಅದು. 2002ರಲ್ಲಿ ಸ್ವೀಡನ್‌ನ ಸಂಶೋಧಕರು ಇದನ್ನು ಹೇಳುವವರೆಗೆ ಕರಿದ ತಿಂಡಿಯಲ್ಲಿ ಅಂಥದ್ದೊಂದು ಇದೆ ಅಂತ ಯಾರಿಗೂ ಗೊತ್ತಿರಲಿಲ್ಲ.

ಒಬ್ಬ ಸಪ್ಲೈಯರ್ ಕಡಿಮೆ ದರದ, "ತುಂಬಾ ದಿನ ಬಾಳುವ" ಗಟ್ಟಿ ಎಣ್ಣೆ ತಂದ. ಡಬ್ಬದ ಮೇಲೆ ಒಳಗೇನಿದೆ ಅಂತ ಬರೆದಿರಲಿಲ್ಲ. ಭಾಗಶಃ ಹೈಡ್ರೋಜನ್ ಸೇರಿಸಿದ ಎಣ್ಣೆ ಹಾಗೇ ಬಾಳುತ್ತದೆ. ಅದರಲ್ಲಿರುವ ಟ್ರಾನ್ಸ್ ಕೊಬ್ಬು ಹೃದಯಕ್ಕೆ ಕೆಟ್ಟದ್ದು. ಡೆನ್ಮಾರ್ಕ್ 2003ರಲ್ಲೇ ಅದಕ್ಕೆ ಮಿತಿ ಹಾಕಿತು. ಅದನ್ನು ಪೂರ್ತಿ ತೆಗೆದುಹಾಕಿ ಅಂತ ವಿಶ್ವ ಆರೋಗ್ಯ ಸಂಸ್ಥೆ 2018ರಲ್ಲಿ ಎಲ್ಲ ದೇಶಗಳಿಗೂ ಕರೆ ಕೊಟ್ಟಿತು. ಡಬ್ಬಗಳನ್ನು ವಾಪಸ್ ಕಳಿಸಿದೆ.

ಹಳೆಯ ಎಣ್ಣೆ ಕೊಳ್ಳಲು ಬರುವವರ ಬಗ್ಗೆ ಇನ್ನೂ ಜಾಸ್ತಿ ಎಚ್ಚರ ಬೇಕು. ಒಬ್ಬ ಒಳ್ಳೆಯ ದುಡ್ಡು ಕೊಡುತ್ತಿದ್ದ, ರಸೀದಿ ಕೇಳಿದರೆ ಮಾತು ಮರೆಸುತ್ತಿದ್ದ. ಬಯೋಡೀಸೆಲ್‌ಗೆ ಹೋಗಬೇಕಾದ ಎಣ್ಣೆ ಸೋಸಿ ಮತ್ತೆ ಯಾರದೋ ಬಾಣಲೆಗೆ ಬೀಳಬಹುದು. ಕಡಿಮೆ ದುಡ್ಡಿಗೆ, ರಸೀದಿ ಕೊಡುವವರಿಗೇ ಕೊಟ್ಟೆ. ನಮ್ಮ ಬಾಗಿಲು ದಾಟಿದ ಮೇಲೆ ನಮಗೇನು ಅನ್ನುವ ಮಾತನ್ನು ನಾನು ಒಪ್ಪುವುದಿಲ್ಲ.

ಆ ವರ್ಷ ಕಂಪನಿಯ ಸಾಮಾಜಿಕ ಜವಾಬ್ದಾರಿ ಅಂತ ಗಿಡ ನೆಡುವ ಕಾರ್ಯಕ್ರಮ ಇತ್ತು. ಟೀಶರ್ಟ್, ಬ್ಯಾನರ್, ಫೋಟೋ. ಗಿಡ ನೆಡುವುದು ಒಳ್ಳೆಯದೇ. ಆದರೆ ಫೋಟೋದಲ್ಲಿ ನನ್ನ ಪಕ್ಕ ನಿಂತಿದ್ದ ಹುಡುಗಿ ಹಿಂದಿನ ರಾತ್ರಿ ಪಂಚ್ ಔಟ್ ಮಾಡಿದ ಮೇಲೆ ಮುಕ್ಕಾಲು ಗಂಟೆ ಫ್ರೈಯರ್ ತೊಳೆದಿದ್ದಳು. ಆ ಮುಕ್ಕಾಲು ಗಂಟೆಗೆ ಸಂಬಳ ಇಲ್ಲ. ಮಧ್ಯರಾತ್ರಿ ಬಾಗಿಲು ಹಾಕಿದವಳನ್ನೇ ಬೆಳಿಗ್ಗೆ ಆರಕ್ಕೆ ಕರೆಸಿದ್ದೆವು. ಜವಾಬ್ದಾರಿ ಅಲ್ಲಿಂದ ಶುರುವಾಗಬೇಕಿತ್ತು, ಅಲ್ವಾ? ತೊಳೆದು ಮುಗಿಸಿದ ಮೇಲೇ ಪಂಚ್ ಔಟ್ ಅಂತ ಬದಲಿಸಿದೆ. ರೋಸ್ಟರ್ ಎರಡು ವಾರ ಮೊದಲೇ ಹಾಕಿದೆ. ಎರಡು ಶಿಫ್ಟ್ ನಡುವೆ 11 ಗಂಟೆ ಬಿಡುವು ಕೊಟ್ಟೆ. ಇದಕ್ಕೆಲ್ಲ ಯಾರ ಅನುಮತಿಯೂ ಬೇಕಿರಲಿಲ್ಲ.

ಅನುಮತಿ ಬೇಕಾದದ್ದು ಕಾಯಿಲೆ ರಜೆಗೆ. ವಾಂತಿ-ಭೇದಿ ಆದವರು ಅದು ನಿಂತ ಮೇಲೂ ಎರಡು ದಿನ ಊಟ-ತಿಂಡಿ ಮುಟ್ಟಬಾರದು. ನೊರೊವೈರಸ್ ಅಷ್ಟು ಸುಲಭವಾಗಿ ಹರಡುತ್ತದೆ. ಗಂಟೆ ಲೆಕ್ಕದಲ್ಲಿ ದುಡಿಯುವವರು ಎರಡು ದಿನದ ಸಂಬಳ ಬಿಟ್ಟು ಮನೆಯಲ್ಲಿ ಕೂರುತ್ತಾರಾ? ಒಬ್ಬಳು ಬಾತ್‌ರೂಮ್‌ಗೆ ಹೋಗಿ ಬಂದು, ಮುಖ ತೊಳೆದುಕೊಂಡು, ಗ್ಲೌಸ್ ಹಾಕಿಕೊಂಡು ಮತ್ತೆ ಬರ್ಗರ್ ಕಟ್ಟಲು ನಿಂತಿದ್ದನ್ನು ನಾನೇ ನೋಡಿದ್ದೇನೆ. ಮನೆಗೆ ಹೋಗಮ್ಮ, ಸಂಬಳ ಹಿಡಿಯುವುದಿಲ್ಲ ಅಂತ ಕಳಿಸಿದೆ. ಆ ದುಡ್ಡನ್ನು ಯಾವ ಲೆಕ್ಕದಲ್ಲಿ ಹಾಕಿದೆ ಅಂತ ಆಮೇಲೆ ನನ್ನನ್ನು ಕೇಳಿದರು.

ಸಂಬಳ ಸಹಿತ ರಜೆ ಈಗ ಕಾಯಂ ಕೆಲಸಗಾರರಿಗೆ ಸಿಕ್ಕಿದೆ. ಫ್ರೈಯರ್ ಮುಂದೆ, ಕೌಂಟರ್‌ನಲ್ಲಿ ನಿಲ್ಲುವವರಲ್ಲಿ ಹೆಚ್ಚಿನವರು ಪಾರ್ಟ್‌ಟೈಮ್. ಅವರಿಗೆ ಇನ್ನೂ ಇಲ್ಲ. ಮೂರನೇ ಸಲ ಬರೆದು ಕೊಟ್ಟಿದ್ದೇನೆ, ಈ ಸಲ ಹೋದ ವರ್ಷದ ವೇಸ್ಟ್ ಶೀಟ್‌ಗಳನ್ನೂ ಜೊತೆಗಿಟ್ಟು.