‘ರೈಟ್’ ಅಂದರೆ ಯಾವ ರೈಟ್?

ಮಂಗಳೂರಿನ ಸಿಟಿ ಬಸ್ಸಿನಲ್ಲಿ ಕಂಡಕ್ಟರ್ ‘ರೈಟ್, ಪೋಯಿ’ ಎಂದು ಕೂಗಿದರೆ ಡ್ರೈವರ್ ಬಲಕ್ಕೆ ತಿರುಗಿಸುವುದಿಲ್ಲ, ಹೊರಡುತ್ತಾನೆ. ಸ್ಟೇಟ್‌ಬ್ಯಾಂಕಿನಿಂದ ಸುರತ್ಕಲ್‌ವರೆಗೆ ಯಾರಿಗೂ ಇದರಲ್ಲಿ ಗೊಂದಲವಿಲ್ಲ. ಅದೇ ಪದ ಇಂಗ್ಲಿಷ್ ಪುಟದಲ್ಲಿ ಸಿಕ್ಕಾಗಲೇ ತಡವರಿಕೆ.

ಮೊದಲು ಸ್ಪೆಲ್ಲಿಂಗ್ ನೋಡಿ. ಕನ್ನಡ ಲಿಪಿಯಲ್ಲಿ ‘ರೈಟ್’ ಒಂದೇ, ಇಂಗ್ಲಿಷಿನಲ್ಲಿ ನಾಲ್ಕು. ಡಬ್ಲ್ಯೂನಲ್ಲಿ ಶುರುವಾಗಿ ಟಿ, ಇ ಎಂದು ಮುಗಿದರೆ ಬರೆಯುವುದು. ಆ ಡಬ್ಲ್ಯೂ ಬಿಟ್ಟರೆ ಮದುವೆ, ಬೊಜ್ಜದಂಥ (ಸತ್ತವರ ಉತ್ತರಕ್ರಿಯೆ) ಶಾಸ್ತ್ರವಿಧಿ. ಡಬ್ಲ್ಯೂ ಇದ್ದು ಜಿ, ಎಚ್, ಟಿ ಬಂದರೆ ತಯಾರಿಸುವವ. ನಾಟಕಕಾರ ‘ಪ್ಲೇರೈಟ್’ ಆದದ್ದು ಹೀಗೆ. ಆತ ನಾಟಕ ಬರೆಯುವವನಲ್ಲ, ಕಟ್ಟುವವ! ಡಬ್ಲ್ಯೂ ಇಲ್ಲದೆ ಜಿ, ಎಚ್, ಟಿ ಇರುವುದೇ ನಮ್ಮ ರೈಟ್.

ಆಮೇಲೆ ಅದರ ನೆರೆಯ ಪದ ನೋಡಿ. ‘ಹ್ಯಾಂಡ್’, ‘ಸೈಡ್’ ಇದ್ದರೆ ಬಲ. ‘ಆನ್ಸರ್’ ಇದ್ದರೆ ಸರಿ. ಹಿಂದೆ ‘ದಿ’ ಅಥವಾ ‘ಎ’, ಮುಂದೆ ‘ಟು’ ಇದ್ದರೆ ಹೆಚ್ಚಾಗಿ ಹಕ್ಕು: 2005ರ ಮಾಹಿತಿ ಹಕ್ಕು ಕಾಯ್ದೆಯ ಇಂಗ್ಲಿಷ್ ಹೆಸರಲ್ಲಿರುವುದು ಇದೇ. ರಾಜಕೀಯದ ಬಲಪಂಥ ಮಾತ್ರ ಫ್ರಾನ್ಸಿನಿಂದ ಬಂದದ್ದು. 1789ರಲ್ಲಿ ಅಲ್ಲಿನ ಸಭೆಯಲ್ಲಿ ರಾಜನ ಪರ ಇದ್ದವರು ಅಧ್ಯಕ್ಷರ ಬಲಕ್ಕೆ ಕೂತಿದ್ದರು.

ಅನುವಾದಿಸುವವರು ಎಡವುವುದು ‘ರೈಟ್ ನೌ’, ‘ರೈಟ್ ಹಿಯರ್’, ‘ರೈಟ್ ಬಿಹೈಂಡ್’ ಇಂಥ ಕಡೆ. ‘ಸರಿಯಾಗಿ ಈಗ’ ಎಂದು ಬರೆದವರನ್ನು ಕಂಡಿದ್ದೇನೆ. ಇಲ್ಲಿ ರೈಟ್‌ಗೆ ಬೇರೆ ಪದವೇ ಬೇಡ, ಒಂದು ‘ಏ’ ಸಾಕು: ಈಗಲೇ, ಇಲ್ಲೇ, ಹಿಂದೆಯೇ. ವಾಕ್ಯದ ಬಾಲದಲ್ಲಿ ಪ್ರಶ್ನೆಯಾಗಿ ಬಂದರೆ ‘ಅಲ್ವಾ?’ ಅಂದುಬಿಡಿ.

ಸಂಸ್ಕೃತದ ‘ಋಜು’ ಇದರ ದೂರದ ನಂಟ. ಋಜು ಎಂದರೆ ನೇರ. ನೇರವಾದದ್ದು ಸರಿ, ಸರಿಯಾಗಿ ಸಲ್ಲಬೇಕಾದದ್ದು ಹಕ್ಕು ಎಂದು ಅರ್ಥ ಬೆಳೆಯಿತು.

ಕೊನೆಯದಾಗಿ, ದಾರಿ ಹೇಳುವಾಗ ‘ಹೌದು’ ಎನ್ನಲು ರೈಟ್ ಬಳಸಬೇಡಿ. ಮಣಿಪಾಲದಿಂದ ಕೃಷ್ಣಮಠಕ್ಕೆ ಹೊರಟಿದ್ದೆವು. ಕಲ್ಸಂಕದಲ್ಲಿ ಭಾವ ‘ಲೆಫ್ಟಾ?’ ಎಂದು ಕೇಳಿದರು. ನಾನು ‘ರೈಟ್’ ಎಂದೆ. ಕಾರು ಗುಂಡಿಬೈಲಿನ ಕಡೆಗೆ ಹೊರಳಿತು.