ಆಂಪ್ ಆನ್ ಮಾಡದೆ ಎಲೆಕ್ಟ್ರಿಕ್ ಗಿಟಾರ್ ರೆಕಾರ್ಡಿಂಗ್: ನನ್ನ ಅನುಭವ

ಆಂಪ್ (ಗಿಟಾರಿನ ಸದ್ದು ಏರಿಸುವ ಸ್ಪೀಕರ್ ಪೆಟ್ಟಿಗೆ) ಮುಂದೆ ಮೈಕ್ ಇಡದೆ ರೆಕಾರ್ಡ್ ಮಾಡಿದ ಗಿಟಾರಿಗೆ ಜೀವ ಇರಲ್ಲ ಅಂತ ನಮ್ಮ ಬ್ಯಾಂಡಿನಲ್ಲೇ ಎಲ್ಲರೂ ಹೇಳುತ್ತಿದ್ದರು. ಸ್ಟುಡಿಯೋ ನಡೆಸುವ ಗೆಳೆಯನಂತೂ ನಾನು ಮಾತು ತೆಗೆದಾಗೆಲ್ಲ ತಲೆ ಅಲ್ಲಾಡಿಸಿಬಿಡುತ್ತಿದ್ದ. ಈಚೆಗೆ ಅವನಿಗೆ ಮೂರು ತುಣುಕು ಕೇಳಿಸಿದೆ. ಒಂದು ಅವನದೇ ಸ್ಟುಡಿಯೋದಲ್ಲಿ ಆಂಪಿಗೆ ಎಸ್‌ಎಂ57 ಮೈಕ್ ಇಟ್ಟು ಮಾಡಿದ್ದು, ಉಳಿದೆರಡು ನನ್ನ ಮಲಗುವ ಕೋಣೆಯಲ್ಲಿ ರಾತ್ರಿ ಹನ್ನೊಂದರ ಮೇಲೆ ಮಾಡಿದ್ದು. 'ಇದು ನೋಡು ನಿಜವಾದ ಆಂಪು' ಅಂತ ಅವನು ಆರಿಸಿದ್ದು ನನ್ನ ಕೋಣೆಯದನ್ನು. ಆಮೇಲೆ ಹೇಗೆ ಮಾಡಿದೆ ಅಂತ ಕೇಳುವವರು ಜಾಸ್ತಿಯಾದರು, ಅದಕ್ಕೇ ಬರೆಯುತ್ತಿದ್ದೇನೆ.

ನಾವಿರುವುದು ಬೆಂಗಳೂರಿನಲ್ಲಿ, ಮೊದಲನೇ ಮಹಡಿಯ ಬಾಡಿಗೆ ಮನೆ. ಕೆಳಗೆ ಓನರ್ ಇದ್ದಾರೆ. ನನ್ನ 15 ವ್ಯಾಟಿನ ವಾಲ್ವ್ ಆಂಪನ್ನು ಅದರ ನಿಜವಾದ ಬಣ್ಣ ಬರುವಷ್ಟು ಏರಿಸಿದರೆ ಮನೆ ಖಾಲಿ ಮಾಡಬೇಕು, ಅಷ್ಟೇ. ಮೊದಲು ಅದನ್ನು ಬೀರುವಿನೊಳಗಿಟ್ಟು, ಸುತ್ತ ರಜಾಯಿ ತುರುಕಿ, ಒಳಗೇ ಮೈಕ್ ಇಟ್ಟು ನೋಡಿದೆ. ಚುರುಕು ಸದ್ದೆಲ್ಲ ಬೀರುವಿನಲ್ಲೇ ನಿಂತಿತು, ಬೇಸ್ ಮಾತ್ರ ನೆಲದ ಮೂಲಕ ಸೀದಾ ಕೆಳಗಿಳಿಯಿತು. ಆಮೇಲೆ ಆಂಪಿಗೂ ಸ್ಪೀಕರಿಗೂ ಮಧ್ಯೆ ಹಾಕಿ ಸದ್ದು ಇಳಿಸುವ ಒಂದು ಅಟೆನ್ಯುಯೇಟರಿಗೆ ಎಂಟು ಸಾವಿರದ ಹತ್ತಿರ ಸುರಿದೆ. ಮಾತಾಡುವಷ್ಟು ಸದ್ದಿಗೆ ಇಳಿಸಿದರೆ ಸ್ಪೀಕರಿನ ಕಾಗದ ಅಲ್ಲಾಡುವುದೇ ಇಲ್ಲ, ಟೋನ್ ಚಪ್ಪಟೆ. ಅರ್ಧ ಬೆಲೆಗೆ ಮಾರಿದೆ.

ಸದ್ದನ್ನು ಒರಟಾಗಿಸುವ ಡಿಸ್ಟಾರ್ಷನ್ ಪೆಡಲ್‌ನಿಂದ ಸೀದಾ ಇಂಟರ್‌ಫೇಸಿಗೆ (ಗಿಟಾರಿನ ಸಿಗ್ನಲ್ಲನ್ನು ಕಂಪ್ಯೂಟರಿಗೆ ಕೊಡುವ ಡಬ್ಬಿ) ಹಾಕಿದಾಗ ಬಂದದ್ದು ಜೇನುಗೂಡಿಗೆ ಕಲ್ಲು ಹೊಡೆದಂಥ ಸದ್ದು. ಬಹಳ ಜನ ಇಲ್ಲಿಗೇ ಕೈಬಿಡುತ್ತಾರೆ. ಗಿಟಾರ್ ಸ್ಪೀಕರ್ 5 ಕಿಲೋಹರ್ಟ್ಸ್ ಆಚೆ ಹೆಚ್ಚುಕಮ್ಮಿ ಬಾಯಿ ಮುಚ್ಚಿಕೊಳ್ಳುತ್ತದೆ, ಅದರಾಚೆಯ ಚುಚ್ಚುವ ಸದ್ದು ಹೊರಬರುವುದಿಲ್ಲ. ಆ ಮುಚ್ಚುವ ಕೆಲಸ ಯಾರೂ ಮಾಡದಿದ್ದರೆ ಎಷ್ಟು ದುಬಾರಿ ಪೆಡಲ್ ಇದ್ದರೂ ಅದೇ ಗತಿ. ಬಾಸ್ಟನ್ ಬ್ಯಾಂಡಿನ ಗಿಟಾರಿಸ್ಟ್ ಟಾಮ್ ಶೋಲ್ಜ್ 1982ರಲ್ಲೇ ರಾಕ್‌ಮನ್ ಅನ್ನುವ ಸಣ್ಣ ಡಬ್ಬಿಯಲ್ಲಿ ಇದನ್ನು ಫಿಲ್ಟರ್ ಹಾಕಿ ಮಾಡಿ ತೋರಿಸಿದ್ದರು, 1998ರಲ್ಲಿ ಆಂಪಿನ ಸದ್ದನ್ನು ಡಿಜಿಟಲ್ ಆಗಿ ಅನುಕರಿಸುವ ಲೈನ್ 6 ಕಂಪನಿಯ ಪಾಡ್ ಬಂತು. ಅಂದರೆ ನಾನು ಮಾಡಿದ್ದು ಹೊಸದೇನಲ್ಲ. ಈಗ ಅದು ಕಿವಿಗೆ ನಂಬಿಕೆ ಬರುವ ಮಟ್ಟಕ್ಕೆ, ಅದೂ ಪುಕ್ಕಟೆಯಾಗಿ ಬಂದಿದೆ, ಅಷ್ಟೇ ವ್ಯತ್ಯಾಸ.

ನನ್ನ ಈಗಿನ ದಾರಿ ಇದು. ಗಿಟಾರ್, ಪುಟ್ಟ ಬಫರ್ (ಗಿಟಾರಿನ ಸಿಗ್ನಲ್ ಸೊರಗದಂತೆ ಕಾಯುವ ಸಣ್ಣ ಸರ್ಕ್ಯೂಟ್), ಇಂಟರ್‌ಫೇಸ್, ರೀಪರ್ ಅನ್ನುವ ರೆಕಾರ್ಡಿಂಗ್ ಸಾಫ್ಟ್‌ವೇರ್, ಅದರಲ್ಲಿ ಆಂಪಿನ ಸದ್ದು ಅನುಕರಿಸುವ ನ್ಯೂರಲ್ ಆಂಪ್ ಮಾಡೆಲರ್, ಕೊನೆಗೆ ಐಆರ್ ಲೋಡರ್. ಐಆರ್ (ಇಂಪಲ್ಸ್ ರೆಸ್ಪಾನ್ಸ್) ಅಂದರೆ ಒಂದು ಸ್ಪೀಕರ್, ಅದರ ಮುಂದಿನ ಮೈಕ್ ಎರಡರ ಗುಣ ಹಿಡಿದಿಟ್ಟ ಫೈಲು. ಮಾಡೆಲರ್ ಸ್ಟೀವನ್ ಅಟ್ಕಿನ್ಸನ್ ಬರೆದದ್ದು, ಓಪನ್ ಸೋರ್ಸ್, ಒಂದು ರೂಪಾಯಿ ಖರ್ಚಿಲ್ಲ. ಹೆಚ್ಚಿನವರು ಆಂಪ್ ಮಾಡೆಲ್ ಹುಡುಕುತ್ತ ವಾರಗಟ್ಟಲೆ ಕಳೆಯುತ್ತಾರೆ. ನನ್ನ ಮಾತು ಕೇಳಿ, ಆ ಸಮಯವನ್ನು ಐಆರ್‌ಗೆ ಕೊಡಿ. ಒಂದೇ ಆಂಪಿಗೆ ಬೇರೆ ಬೇರೆ ಐಆರ್ ಹಾಕಿ ಕೇಳಿದರೆ ಆಂಪೇ ಬದಲಾಯಿತೇನೋ ಅನ್ನಿಸುತ್ತದೆ. ಆಂಪ್ ಬದಲಿಸಿದರೆ ಅಷ್ಟು ಅನ್ನಿಸುವುದಿಲ್ಲ. ನಾನು ಎರಡು ಐಆರ್ ಬೆರೆಸುತ್ತೇನೆ, ಒಂದು ಎಸ್‌ಎಂ57 ಮೈಕಿನದು, ಇನ್ನೊಂದು ರಿಬ್ಬನ್ ಮೈಕಿನದು. ಎರಡರ ಫೇಸ್ (ಅಲೆಗಳು ಒಟ್ಟಿಗೆ ಏರಿಳಿಯುವುದು) ಹೊಂದಿಸಿಕೊಳ್ಳಿ, ಇಲ್ಲದಿದ್ದರೆ ನಡುವಿನ ಸದ್ದು, ಅಂದರೆ ಮಿಡ್, ಮಾಯವಾಗುತ್ತದೆ. ಯಾವ ಫೈಲು, ಯಾವುದು ಎಷ್ಟು ಪಾಲು ಅನ್ನುವುದನ್ನು ಮಾತ್ರ ಹೇಳುವುದಿಲ್ಲ, ಅದಕ್ಕೆ ನನ್ನ ಎಷ್ಟೋ ರಾತ್ರಿಗಳು ಹೋಗಿವೆ.

ಬಫರ್ ಯಾಕೆ ಅಂದರೆ, ನನ್ನ ಸೆಕೆಂಡ್ ಹ್ಯಾಂಡ್ ಇಂಟರ್‌ಫೇಸಿನಲ್ಲಿ ಇನ್‌ಸ್ಟ್ರುಮೆಂಟ್ ಅಂತ ಬರೆದ ಇನ್‌ಪುಟ್ ಇದ್ದರೂ ಟ್ರೆಬಲ್ ಸತ್ತು ಬರುತ್ತಿತ್ತು. ಎಲೆಕ್ಟ್ರಾನಿಕ್ಸ್ ಬಿಡಿಭಾಗ ಸಿಗುವ ಎಸ್‌ಪಿ ರೋಡಿಗೆ ಹೋಗಿ ಒಂದು ಟಿಎಲ್072 ಐಸಿ, 1 ಮೆಗಾಓಮ್ ರೆಸಿಸ್ಟರ್, ನಾಲ್ಕಾರು ಕೆಪಾಸಿಟರ್, ಎರಡು ಜ್ಯಾಕ್, 9 ವೋಲ್ಟ್ ಬ್ಯಾಟರಿ ಕ್ಲಿಪ್ ತಂದೆ. ಇನ್ನೂರೈವತ್ತು ರೂಪಾಯಿ ಒಳಗೇ ಮುಗಿಯಿತು. ಗಿಟಾರಿನಿಂದ ಬಫರಿಗೆ ಒಂದು ಮೀಟರ್ ಕೇಬಲ್, ಅಷ್ಟೇ. ಪಿಕ್ ತಂತಿಗೆ ತಾಗುವ ಆ ಚಿಟಿಕೆ ಸದ್ದು ವಾಪಸ್ ಬಂತು. ಇಡೀ ಪ್ರಯತ್ನದಲ್ಲಿ ನನಗೆ ಅತಿ ಹೆಚ್ಚು ಖುಷಿ ಕೊಟ್ಟದ್ದು ಈ ಡಬ್ಬಿ.

ಗುಂಯ್ ಅನ್ನುವ ಸದ್ದಿನ ಕಾಟ ಬೇರೆ. ಸಿಂಗಲ್ ಕಾಯಿಲ್ ಪಿಕಪ್ (ತಂತಿಯ ಕಂಪನ ಹಿಡಿಯುವ ಒಂದೇ ಸುರುಳಿಯ ಭಾಗ) ಇರುವವರಿಗೆ ಇದು ದೊಡ್ಡ ತಲೆನೋವು, ಗೇನ್ (ಸಿಗ್ನಲ್ ಹಿಗ್ಗಿಸುವ ಪ್ರಮಾಣ) ಏರಿಸಿದಷ್ಟೂ ಅದೂ ಏರುತ್ತದೆ. ಲ್ಯಾಪ್‌ಟಾಪಿನ ಎರಡು ಪಿನ್ನಿನ ಚಾರ್ಜರ್ ಕಿತ್ತೆ, ಅರ್ಧ ಹೋಯಿತು. ಫ್ಯಾನಿನ ರೆಗ್ಯುಲೇಟರ್ ಹಳೇ ಡಿಮ್ಮರ್ ಥರದ್ದಾಗಿತ್ತು, ಎರಡನೇ ಸ್ಪೀಡಿನಲ್ಲಿ ಪರಪರ ಅನ್ನುತ್ತಿತ್ತು, ಅದನ್ನು ತೆಗೆಸಿ ಮೆಟ್ಟಿಲು ಮೆಟ್ಟಿಲಾಗಿ ತಿರುಗುವ ಕೆಪಾಸಿಟರ್ ರೆಗ್ಯುಲೇಟರ್ ಹಾಕಿಸಿದೆ. ಉಳಿದದ್ದಕ್ಕೆ ಕುರ್ಚಿ ತಿರುಗಿಸುವುದೇ ಮದ್ದು. ತಂತಿ ಅದುಮಿ ಹಿಡಿದು, ಹೆಡ್‌ಫೋನಿನಲ್ಲಿ ಕೇಳುತ್ತ, ನಿಧಾನವಾಗಿ ಕಿಟಕಿ ಕಡೆ ತಿರುಗುತ್ತ ಹೋದರೆ ಒಂದು ಕೋನದಲ್ಲಿ ಗುಂಯ್ ಸಣ್ಣಗಾಗುತ್ತದೆ. ನೆಲದ ಮೇಲೆ ಅಲ್ಲೊಂದು ಟೇಪ್ ಅಂಟಿಸಿದ್ದೇನೆ. ಕರೆಂಟ್ ಹೋದಾಗ ಬ್ಯಾಟರಿ ಮೇಲೆ ಮಾಡಿದ ಟೇಕ್‌ಗಳೇ ನನ್ನಲ್ಲಿರುವ ಅತಿ ಶುದ್ಧ ಟೇಕ್‌ಗಳು.

ಲೇಟೆನ್ಸಿ, ಅಂದರೆ ಬಾರಿಸಿದ್ದು ಕಿವಿಗೆ ಬರುವ ತಡದ ಬಗ್ಗೆ ಸುಮ್ನೆ ಹೆದರಿಸುತ್ತಾರೆ. ಇಂಟರ್‌ಫೇಸ್ ಕಂಪನಿಯದೇ ಅಸಿಯೊ (ತಡ ಕಮ್ಮಿ ಮಾಡುವ) ಡ್ರೈವರ್ ಹಾಕಿ, ಸ್ಯಾಂಪಲ್ ರೇಟ್ 48 ಕಿಲೋಹರ್ಟ್ಸ್, ಅದರ ಸೆಟ್ಟಿಂಗಿನಲ್ಲಿ ಬಫರ್ ಸೈಜ್ 128 ಸ್ಯಾಂಪಲ್ ಇಟ್ಟರೆ ಹೋಗಿ ಬರಲು ನನಗೆ 9-10 ಮಿಲಿಸೆಕೆಂಡ್ ತೋರಿಸುತ್ತದೆ. ಸ್ಟೇಜಿನಲ್ಲಿ ಆಂಪಿನಿಂದ ಮೂರು ಮೀಟರ್ ದೂರ ನಿಂತರೂ ಅಷ್ಟೇ ತಡ ಆಗುತ್ತೆ ಅಲ್ವಾ? ಲೆವೆಲ್ ಮಾತ್ರ ಜೋಪಾನ. ಗಟ್ಟಿಯಾಗಿ ಬಾರಿಸಿದಾಗ ಮೀಟರಿನ ಪೀಕ್ ಮೈನಸ್ 12 ಡೆಸಿಬೆಲ್ ಆಸುಪಾಸು ಇರಲಿ. ಗೇನ್ ಎಷ್ಟು ಬೇಕು ಅನ್ನಿಸುತ್ತದೋ ಅದಕ್ಕಿಂತ ಕಮ್ಮಿ ಇಡಿ, ಎಡಕ್ಕೊಂದು ಬಲಕ್ಕೊಂದು ಬೇರೆ ಬೇರೆ ಟೇಕ್ ಬಾರಿಸಿ. ಒಂದನ್ನೇ ಕಾಪಿ ಮಾಡಿ ಹಾಕಿದರೆ ಆ ಅಗಲ ಬರುವುದಿಲ್ಲ.

ಇನ್ನೊಂದು ಕೊರತೆ ಬಹಳ ದಿನ ಕಾಡಿತು. ಆಂಪ್ ಮುಂದೆ ನಿಂತಾಗ ಸ್ವರ ತಾನೇ ಉಬ್ಬಿ ನಿಲ್ಲುವುದು ಹೆಡ್‌ಫೋನಿನಲ್ಲಿ ಇಲ್ಲ. ಮೊಬೈಲಿಗೆ ಹಾಕುವಂಥ ಸಣ್ಣ ಸ್ಪೀಕರ್ ತಂದು, ಇಂಟರ್‌ಫೇಸಿನ ಔಟ್‌ಪುಟ್ ಅದಕ್ಕೆ ಕೊಟ್ಟು, ಗಿಟಾರಿನ ಹೆಡ್‌ಸ್ಟಾಕನ್ನು ಅದಕ್ಕೆ ಒತ್ತಿ ಹಿಡಿದೆ. ಮೂರನೇ ತಂತಿಯ ಸ್ವರ ಸಾಯುವ ಬದಲು ನಿಧಾನವಾಗಿ ಮೇಲೆದ್ದು ಹಾಡತೊಡಗಿತು. ಬಾಗಿಲಾಚೆ ಏನೂ ಕೇಳುವುದಿಲ್ಲ. ಬ್ಲೂಟೂತ್ ಬೇಡ, ತಡವಾಗುತ್ತದೆ, ವೈರೇ ಬೇಕು. ಇದೇ ಹುಮ್ಮಸ್ಸಿನಲ್ಲಿ ಮನೆಯಲ್ಲಿದ್ದ ವೀಣೆಗೆ ಮರದ ಕಂಪನ ಹಿಡಿಯುವ ಪೀಜೋ ಪಿಕಪ್ ಅಂಟಿಸಿ ಮಾಡೆಲರಿಗೆ ಕೊಟ್ಟೆ. ಬಫರಿನ 1 ಮೆಗಾಓಮ್ ರೆಸಿಸ್ಟರ್ ಅದಕ್ಕೆ ಸಾಲದು, ಸದ್ದು ತೆಳ್ಳಗೆ ಬಂತು. 10 ಮೆಗಾಓಮ್ ಹಾಕಿದ ಮೇಲೆ ಮೈ ತುಂಬಿತು. ಅದರ ಕೆಲಸ ಇನ್ನೂ ನಡೆಯುತ್ತಿದೆ.

ಒಟ್ಟು ಖರ್ಚು? ಇಂಟರ್‌ಫೇಸ್ ಆರು ಸಾವಿರ ಚಿಲ್ಲರೆ, ಹೆಡ್‌ಫೋನ್ ಎಂಟು, ರೀಪರ್ ಲೈಸೆನ್ಸ್ 60 ಡಾಲರ್, ಸಣ್ಣಪುಟ್ಟದ್ದು ಒಂದು ಸಾವಿರ. ಇಪ್ಪತ್ತು ಸಾವಿರದ ಆಸುಪಾಸು ಅನ್ನಿ. ಒಂದು ಹಾಡಿನ ಗಿಟಾರಿಗೆ ಸ್ಟುಡಿಯೋದಲ್ಲಿ ಇಡೀ ದಿನ ಕೂರುತ್ತಿದ್ದ ನನಗೆ ಅದು ನಾಲ್ಕೈದು ಹಾಡಿನಲ್ಲೇ ವಾಪಸ್ ಬಂತು.

ಹೆಡ್‌ಫೋನಿನಲ್ಲಿ ಸಣ್ಣ ಸದ್ದಿಗೆ ಟೋನ್ ಕೂರಿಸುವಾಗ ಬೇಸ್, ಟ್ರೆಬಲ್ ಎರಡೂ ಕಿವಿಗೆ ಕಮ್ಮಿ ಕೇಳುತ್ತವೆ, ಹಾಗಂತ ಎರಡನ್ನೂ ಏರಿಸಬೇಡಿ. ಬೆಳಿಗ್ಗೆ ಒಂದೆರಡು ನಿಮಿಷ ಜೋರಾಗಿ ಕೇಳಿ ಆಮೇಲೆ ತೀರ್ಮಾನ ಮಾಡಿ. ಮಾಡೆಲರ್, ಐಆರ್ ಥರದ ಪ್ಲಗಿನ್ ಏನೂ ಇಲ್ಲದ, ಗಿಟಾರಿನಿಂದ ಸೀದಾ ಬಂದ ಒಣ ಡಿಐ ಟ್ರ್ಯಾಕನ್ನು ಮಾತ್ರ ಯಾವತ್ತೂ ಅಳಿಸಬೇಡಿ. 24 ಬಿಟ್ ಮೋನೊ ಅಂದರೆ ನಿಮಿಷಕ್ಕೆ ಒಂಬತ್ತು ಎಂಬಿ ಕೂಡ ಆಗುವುದಿಲ್ಲ. ಗೆಳೆಯ ನಿಜವಾದ ಆಂಪು ಅಂದನಲ್ಲ, ಅದು ಹಳೇ ಡಿಐ ಟ್ರ್ಯಾಕ್, ಈ ವರ್ಷ ಸಿಕ್ಕ ಹೊಸ ಮಾಡೆಲಿಗೆ ಹಾಕಿ ತೆಗೆದದ್ದು.